ದೊಡ್ಡ ಮಗುವಿನ ಹೆಸರಿಗೆ ಒಪ್ಪುವ ಅಪರೂಪದ ಹೆಸರು: ಕಾಸರಗೋಡಿನ ಮನೆಗಳಿಗೊಂದು ಮಾರ್ಗದರ್ಶಿ

ಎರಡನೇ ಮಗುವಿಗೆ ಹೆಸರು ಹುಡುಕಲು ಕೂತಾಗ ಹೆಚ್ಚಿನ ಮನೆಗಳಲ್ಲಿ ಮೊದಲು ಶುರುವಾಗುವುದು ಪ್ರಾಸದ ಬೇಟೆ. ಅಕ್ಕ ಸಾನ್ವಿಯಾದರೆ ತಂಗಿ ಜಾನ್ವಿ, ಅಣ್ಣ ಋತ್ವಿಕ್ ಆದರೆ ತಮ್ಮ ಸಾತ್ವಿಕ್. ತೊಟ್ಟಿಲು ತೂಗುವ ದಿನ ಕೇಳಲಿಕ್ಕೆ ಚಂದವೇ. ಮಕ್ಕಳು ಅಂಗಳ ದಾಟುವ ಪ್ರಾಯಕ್ಕೆ ಬಂದಾಗ ಒಬ್ಬಳನ್ನು ಕರೆದರೆ ಇನ್ನೊಬ್ಬಳು ಓಗೊಡುತ್ತಾಳೆ. ಕಿವಿ ಮಂದವಾದ ಅಜ್ಜನಿಗಂತೂ ಇಬ್ಬರ ಹೆಸರೂ ಒಂದೇ. ಆಮೇಲೆ ಶಾಲೆ, ಆಸ್ಪತ್ರೆ, ಅಕ್ಷಯ ಕೇಂದ್ರ (ಸರ್ಕಾರಿ ಅರ್ಜಿ ತುಂಬಿಸುವ ಸೇವಾಕೇಂದ್ರ) ಎಂದು ಹೋದಲ್ಲೆಲ್ಲ ಒಬ್ಬಳ ಕಾಗದ ಇನ್ನೊಬ್ಬಳ ಫೈಲಿಗೆ ಸೇರಿಕೊಳ್ಳುತ್ತದೆ.

ಒಡಹುಟ್ಟಿದವರ ಹೆಸರು ಹೊಂದಬೇಕಾದದ್ದು ತೂಕದಲ್ಲಿ. ಯಾವ ಕಾಲದ ಹೆಸರು, ಎಷ್ಟು ಉದ್ದ, ಎಷ್ಟು ಅಪರೂಪ ಎಂಬುದರಲ್ಲಿ ಎರಡೂ ಸರಿಸಮ ಇದ್ದರೆ ಸಾಕು. ಸದ್ದಿನಲ್ಲಿ ಅವು ಬೇರೆಬೇರೆಯಾಗಿಯೇ ಇರಬೇಕು. ಕಾಸರಗೋಡಿನಲ್ಲಿ ಇದರ ಮೇಲೆ ಇನ್ನೊಂದು ತೊಡಕು: ಹೆಸರು ಕನ್ನಡದಲ್ಲಿ ಹುಟ್ಟಿ, ತುಳುವಿನಲ್ಲಿ ಕರೆಸಿಕೊಂಡು, ಮಲಯಾಳದಲ್ಲಿ ದಾಖಲಾಗಿ, ಇಂಗ್ಲಿಷಿನಲ್ಲಿ ಪಾಸ್‌ಪೋರ್ಟಿಗೆ ಹೋಗುತ್ತದೆ. ನಾಲ್ಕೂ ಕಡೆ ಕೆಡದೆ ನಿಲ್ಲುವ ಹೆಸರು ಬೇಕು.

ದೊಡ್ಡ ಮಗುವಿನ ಹೆಸರನ್ನು ಮೊದಲು ಬಿಡಿಸಿ ಬರೆಯಿರಿ

ಒಂದು ಹಾಳೆ ತೆಗೆದುಕೊಂಡು ದೊಡ್ಡ ಮಗುವಿನ ಹೆಸರು ಬರೆದು, ಅದರ ಕೆಳಗೆ ಸ್ವರಗಳನ್ನಷ್ಟೇ ಬರೆಯಿರಿ. ಸಾನ್ವಿ ಎಂದರೆ ಆ-ಇ. ಜಾನ್ವಿಯೂ ಆ-ಇ. ಆರಾಧ್ಯಾ ಎಂದರೆ ಆ-ಆ-ಆ, ಆಕಾಂಕ್ಷಾ ಬರೆದು ನೋಡಿದರೆ ಅದೂ ಆ-ಆ-ಆ. ಜಗಲಿಯಲ್ಲಿ ನಿಂತು ತೋಟದ ಕೆಳಗಿನ ಕಣಿಯ (ನೀರಿನ ಕಾಲುವೆಯ) ಹತ್ತಿರ ಇರುವ ಮಗುವನ್ನು ಕೂಗುವಾಗ ವ್ಯಂಜನಗಳು ದಾರಿಯಲ್ಲೇ ಬಿದ್ದುಹೋಗುತ್ತವೆ, ಕಿವಿಗೆ ಮುಟ್ಟುವುದು ಸ್ವರ ಮಾತ್ರ. ಹಾಗಾಗಿ ಚಿಕ್ಕದರ ಹೆಸರಿನಲ್ಲಿ ಮೊದಲ ಸ್ವರವಾದರೂ ಬೇರೆ ಇರಲಿ. ಕೊನೆಯದೂ ಬೇರೆಯಾದರೆ ಇನ್ನೂ ಒಳ್ಳೆಯದು. ಆರಾಧ್ಯಾಳ ಜೊತೆ ಇಂಚರ, ಪಯಸ್ವಿನಿ, ಸುಧನ್ವ ಯಾವುದನ್ನಿಟ್ಟರೂ ಕೂಗು ಗೋಜಲಾಗದು.

ಆಮೇಲೆ ಉದ್ದ. ಶಾಲೆಯಲ್ಲಿ ಕಲಿತ ಲಘು-ಗುರು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಲಘುವಿಗೆ ಒಂದು, ಗುರುವಿಗೆ ಎರಡು ಎಂದು ಮಾತ್ರೆ ಎಣಿಸಿ. ಆರಾಧ್ಯಾ 6, ಪಯಸ್ವಿನಿ 5, ಸುಧನ್ವ 4, ಇಂಚರ 4, ಇಳಾ 3. ಇಬ್ಬರ ನಡುವೆ ಒಂದೆರಡು ಮಾತ್ರೆಯ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಅದಕ್ಕಿಂತ ಹೆಚ್ಚಾದರೆ ಒಬ್ಬಳಿಗೆ ಪೂರ್ತಿ ಹೆಸರು, ಇನ್ನೊಬ್ಬಳಿಗೆ ಬರೀ ಮುದ್ದಿನ ಹೆಸರು ಇಟ್ಟಂತೆ ಕೇಳುತ್ತದೆ. ಆರಾಧ್ಯಾ ಮತ್ತು ಇಳಾ ಎಂದು ಒಟ್ಟಿಗೆ ಹೇಳಿ ನೋಡಿ.

ಮೂರನೆಯದು ಹೆಸರಿನ ಕಾಲ. ನಮ್ಮ ಕಡೆಯ ಹೆಸರುಗಳನ್ನು ಸ್ಥೂಲವಾಗಿ ನಾಲ್ಕು ರಾಶಿ ಮಾಡಬಹುದು: ಅಜ್ಜಂದಿರಿಂದ ಬಂದವು (ಶಂಕರನಾರಾಯಣ, ಗೋಪಾಲಕೃಷ್ಣ), ಪುರಾಣದ ಸಂಸ್ಕೃತ (ಅನಿರುದ್ಧ, ವೈದೇಹಿ), ಅಚ್ಚಗನ್ನಡ (ಸಿರಿ, ನೇಸರ, ಇಬ್ಬನಿ), ಮತ್ತೆ ಈಚೆಗೆ ಚಾಲ್ತಿಗೆ ಬಂದ ಮೊಟಕು ಹೆಸರುಗಳು (ವಿಹಾನ್, ಕಿಯಾನ್). ಒಂದೇ ರಾಶಿಯಿಂದ ಅಥವಾ ಪಕ್ಕದ ರಾಶಿಯಿಂದ ಆರಿಸಿದರೆ ಹೊಂದುತ್ತದೆ. ಅಣ್ಣ ಶಂಕರನಾರಾಯಣ, ತಮ್ಮ ಕಿಯಾನ್ ಎಂದಾದರೆ ಇಬ್ಬರೂ ಬೇರೆಬೇರೆ ಮನೆಯವರಂತೆ ಕೇಳುತ್ತದೆ. ದೊಡ್ಡವನು ಶಂಕರನಾರಾಯಣನಾದರೆ ಸತ್ಯನಾರಾಯಣನೂ ಬೇಡ, ಬಾಲ ಒಂದೇ ಆಗುತ್ತದೆ. ಕುಂಬಳೆಯ ಅನಂತಪುರ ಸರೋವರ ಕ್ಷೇತ್ರದ ದೇವರ ಹೆಸರು, ಅನಂತಪದ್ಮನಾಭ, ಇಂದಿನ ಮಕ್ಕಳಲ್ಲಿ ಅಪರೂಪ. ಉದ್ದದಲ್ಲೂ ಗಾಂಭೀರ್ಯದಲ್ಲೂ ಅದು ಶಂಕರನಾರಾಯಣನಿಗೆ ಸರಿಸಮ. ದಿನಬಳಕೆಗೆ ಅನಂತ ಎಂದು ಸುಲಭವಾಗಿ ಮುರಿಯುತ್ತದೆ.

ದೊಡ್ಡ ಮಗುವಿನ ಹೆಸರು ತೀರಾ ಸಾಮಾನ್ಯದ್ದಾದರೆ ಏನು ಮಾಡಬೇಕು? ಅಣ್ಣ ಪ್ರಜ್ವಲ್, ತಮ್ಮನಿಗೆ ಋತುಪರ್ಣ ಎಂದಿಟ್ಟರೆ ಅಣ್ಣ ಜೀವಮಾನವಿಡೀ "ನನಗೆ ಯಾಕೆ ಸಾದಾ ಹೆಸರು" ಎಂದು ಕೇಳುವುದು ಖಂಡಿತ. ಇಲ್ಲಿ ಅಪರೂಪವನ್ನು ಒಂದು ಮೆಟ್ಟಿಲು ಇಳಿಸಬೇಕು. ಪ್ರಜ್ವಲ್ ಎಂದರೆ ಬೆಳಗುವುದು, ಕೊನೆ ಅರ್ಧಾಕ್ಷರ, ಮಾತ್ರೆ 4. ಮಿಹಿರ್ ಎಂದರೆ ಸೂರ್ಯ, ಕೊನೆ ಅರ್ಧಾಕ್ಷರವೇ, ಮಾತ್ರೆ 3, ಸ್ವರ ಮಾತ್ರ ಪೂರಾ ಬೇರೆ. ಬೆಳಕಿನ ನಂಟು ಒಳಗಡೆ ಇದೆ, ಹೊರಗಡೆ ಪ್ರಾಸವಿಲ್ಲ. ಇಂಥದ್ದನ್ನೇ ಹುಡುಕಬೇಕು.

ತುಳುನಾಡಿನ ಹಳೆಯ ಪದ್ಧತಿಯಲ್ಲಿ ಈ ತಲೆಬಿಸಿಯೇ ಇರಲಿಲ್ಲ. ಭಾನುವಾರ ಹುಟ್ಟಿದರೆ ಐತ, ಸೋಮವಾರ ಸೋಮ, ಮಂಗಳವಾರ ಅಂಗಾರ, ಬುಧವಾರ ಬೂದ, ಗುರುವಾರ ಗುರುವ, ಶುಕ್ರವಾರ ತುಕ್ರ, ಶನಿವಾರ ತನಿಯ. ಅಣ್ಣ ತಮ್ಮಂದಿರಿಬ್ಬರೂ ಶುಕ್ರವಾರವೇ ಹುಟ್ಟಿದರೆ ಕಿನ್ನಿ (ಚಿಕ್ಕ) ತುಕ್ರ, ಮಲ್ಲ (ದೊಡ್ಡ) ತುಕ್ರ ಎಂದು ಬೇರೆ ಮಾಡಿದರಾಯಿತು.

ಅಪರೂಪದ ಹೆಸರು ಎಲ್ಲಿ ಹುಡುಕುವುದು

ಮೊಬೈಲಿನಲ್ಲಿ ಸಿಗುವ 'ಅಪರೂಪದ ನೂರು ಹೆಸರು'ಗಳ ಪಟ್ಟಿಯನ್ನು ನೋಡದವರು ಯಾರೂ ಇಲ್ಲ. ಅದರಿಂದ ಆರಿಸಿದ ಹೆಸರು ಅಂಗನವಾಡಿಯಲ್ಲಿ ಇನ್ನಿಬ್ಬರಿಗೆ ಇರುತ್ತದೆ. ಅಲ್ಲಿ ಕೊಟ್ಟ ಅರ್ಥಗಳಲ್ಲೂ ಅರ್ಧಕ್ಕರ್ಧ ಊಹೆ. ನಿಘಂಟಿನಲ್ಲಿ ಸಿಗದ ಹೆಸರಿಗೆ 'ದೇವಿಯ ಇನ್ನೊಂದು ಹೆಸರು' ಎಂಬ ಅರ್ಥ ಕಂಡರೆ ಅನುಮಾನಪಡಿ.

ಅರ್ಥದ ನಂಟು ಬೇಕಿದ್ದರೆ ಅಮರಕೋಶದಂಥ ಪರ್ಯಾಯಪದಗಳ ಕೋಶಕ್ಕಿಂತ ಒಳ್ಳೆಯ ಗಣಿ ಇಲ್ಲ. ಇಲ್ಲಿಯ ಎಷ್ಟೋ ಹಳೆಯ ಮನೆಗಳ ಅಟ್ಟದಲ್ಲಿ ಅದರ ಒಂದು ಪ್ರತಿ ಇದ್ದೇ ಇರುತ್ತದೆ. ದೊಡ್ಡವಳ ಹೆಸರಿನ ಅರ್ಥ ಹಿಡಿದು ಅದೇ ಗುಂಪಿಗೆ ಹೋಗಿ. ಅಕ್ಕ ನಿಶಾ ಆದರೆ ರಾತ್ರಿಯ ಸಾಲಿನಲ್ಲಿ ಶರ್ವರಿ, ವಿಭಾವರಿ, ಯಾಮಿನಿ ಇದ್ದಾರೆ. ಅಕ್ಕ ವಸುಧಾ ಆದರೆ ಮೇದಿನಿ, ಕ್ಷಿತಿ, ಅಚಲಾ, ವಿಶ್ವಂಭರಾ. ಅಣ್ಣ ಶಶಾಂಕನಾದರೆ ಮೃಗಾಂಕ ಬೇಡ, ಕೊನೆ ಒಂದೇ. ಸುಧಾಂಶು ಇಡಬಹುದು. ಕಮಲದ ಸಾಲಿನ ಇಂದೀವರ ಗಂಡು ಹೆಸರಾಗಿ ಯಾರೂ ಮುಟ್ಟದೆ ಉಳಿದಿದೆ.

ನದಿಗಳ ಹೆಸರು ಎರಡನೇ ಗಣಿ. ನಮ್ಮದೇ ಚಂದ್ರಗಿರಿ ಹೊಳೆಗೆ ಇರುವ ಇನ್ನೊಂದು ಹೆಸರು ಪಯಸ್ವಿನಿ. ಗುರುಪುರ ಹೊಳೆ ಫಲ್ಗುಣಿ. ಶಾಂಭವಿ, ನಂದಿನಿ ಈಗಾಗಲೇ ಬಳಕೆಯಲ್ಲಿವೆ. ಬಯಲುಸೀಮೆಯ ಕಡೆ ಹೋದರೆ ಪಿನಾಕಿನಿ, ವೇದಾವತಿ, ಅರ್ಕಾವತಿ. ಅಕ್ಕ ಶಾಂಭವಿ ಆದರೆ ತಂಗಿ ಪಯಸ್ವಿನಿ: ಕೊನೆಯ ಇಕಾರ ಒಂದೇ ಆದರೂ ಆರಂಭ ಬೇರೆ, ಉದ್ದ ಬೇರೆ, ಗೊಂದಲವಿಲ್ಲ. ಪಿನಾಕಿನಿ ಮತ್ತು ಪಯಸ್ವಿನಿ ಎರಡನ್ನೂ ಒಂದೇ ಮನೆಯಲ್ಲಿ ಇಡುವುದು ಬೇಡ, ಎರಡೂ 'ಪ'ದಲ್ಲಿ ತೊಡಗಿ 'ನಿ'ಯಲ್ಲಿ ಮುಗಿಯುತ್ತವೆ.

ಸಂಗೀತದ ಮನೆಯವರಿಗೆ ರಾಗಗಳಿವೆ. ಕಲ್ಯಾಣಿ, ಭೈರವಿ ಹಳೆಯದಾದವು. ಸಾವೇರಿ, ಹಂಸಧ್ವನಿ, ಚಾರುಕೇಶಿ, ಗಂಡಿಗೆ ಕೇದಾರ, ವಸಂತ.

ಯಕ್ಷಗಾನದ ಊರಿನವರಿಗೆ ಪ್ರಸಂಗಗಳ ಪಾತ್ರಪಟ್ಟಿಯೇ ಸಾಕಷ್ಟು ಕೊಡುತ್ತದೆ: ಸುಧನ್ವ, ಋತುಪರ್ಣ, ಚಂದ್ರಹಾಸ, ತಾಮ್ರಧ್ವಜ, ಚಿತ್ರಾಂಗದೆ, ದೇವಯಾನಿ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ಈ ಹೆಸರುಗಳ ಅರ್ಥವನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಇದೊಂದು ದೊಡ್ಡ ಅನುಕೂಲ. ತುಳುವಿನ ಹಾಡುಕಥೆಗಳಾದ ಪಾಡ್ದನಗಳ ಕಡೆಗೂ ನೋಡಿ. ಕೋಟಿ-ಚೆನ್ನಯರನ್ನು ಎಲ್ಲರೂ ಬಲ್ಲರು, ಅವರ ಅಕ್ಕ ಕಿನ್ನಿದಾರುವಿನ ಹೆಸರು ಮಾತ್ರ ಮಕ್ಕಳಲ್ಲಿ ಕಾಣುವುದೇ ಇಲ್ಲ. ಜೈನ ಪರಂಪರೆಯಲ್ಲಿ ಆದಿನಾಥನ ಹೆಣ್ಣುಮಕ್ಕಳು ಬ್ರಾಹ್ಮಿ, ಸೌಂದರಿ. ಒಬ್ಬಳಿಗೆ ತಂದೆ ಅಕ್ಷರ ಕಲಿಸಿದ, ಇನ್ನೊಬ್ಬಳಿಗೆ ಅಂಕ. ಅಕ್ಕತಂಗಿಯರಿಗೆ ಇದಕ್ಕಿಂತ ಚೊಕ್ಕ ಜೋಡಿ ಸಿಗುವುದು ಕಷ್ಟ.

ಅಪರೂಪ ಎಂಬುದು ಚಂದ್ರಗಿರಿಯ ಯಾವ ದಡದಲ್ಲಿ ನಿಂತಿದ್ದೀರಿ ಎನ್ನುವುದರ ಮೇಲೂ ಇದೆ. ಅನಘಾ, ನಂದನಾ, ದೇವಿಕಾ ಕನ್ನಡದ ಮನೆಗಳಲ್ಲಿ ಹೊಸದಾಗಿ ಕೇಳಿಸಬಹುದು, ಆದರೆ ಮಲಯಾಳದವರಲ್ಲಿ ತೀರಾ ಸಾಮಾನ್ಯ. ಆರಿಸಿದ ಹೆಸರನ್ನು ಊರಿನ ಅಂಗನವಾಡಿ ಟೀಚರಿಗೂ ಒಬ್ಬ ಮಲಯಾಳ ಮಾಧ್ಯಮದ ಟೀಚರಿಗೂ ಹೇಳಿ, ತಮ್ಮ ಹಾಜರಿಪುಸ್ತಕದಲ್ಲಿ ಎಷ್ಟಿವೆ ಎಂದು ಕೇಳಿ. ಯಾವ ಪಟ್ಟಿಗಿಂತಲೂ ಇದು ನಂಬಿಕಸ್ಥ.

ಕಥೆಯನ್ನು ಕೊನೆಯವರೆಗೆ ಓದಿ

ಪುರಾಣದ ಹೆಸರು ಆರಿಸುವವರು ಜಾರುವುದು ಇಲ್ಲಿಯೇ. ಅಣ್ಣತಂಗಿಗೆ ಗಂಡಹೆಂಡಿರ ಹೆಸರು ಬಿದ್ದುಬಿಡುತ್ತದೆ. ಅಣ್ಣ ಕಶ್ಯಪ, ತಂಗಿ ಅದಿತಿ: ಎರಡೂ ಈಗ ಇಷ್ಟಪಡುವ ಹೆಸರುಗಳೇ, ಕಥೆಯಲ್ಲಿ ದಂಪತಿ. ಅಗಸ್ತ್ಯ-ಲೋಪಾಮುದ್ರಾ, ಅತ್ರಿ-ಅನಸೂಯಾ, ಅನಿರುದ್ಧ-ಉಷಾ, ಅಭಿಮನ್ಯು-ಉತ್ತರಾ ಇವೆಲ್ಲ ಅದೇ ಜಾತಿಯವು. ತಾಳಮದ್ದಳೆ ಕೇಳುವ ಮಾವನೊಬ್ಬ ಮನೆಯಲ್ಲಿದ್ದರೆ ನಾಮಕರಣದ ಊಟದ ಹೊತ್ತಿಗೇ ಇದನ್ನು ಎತ್ತಿ ಹೇಳಿ ನಗಾಡುತ್ತಾರೆ. ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ಇನ್ನೊಂದು ಬಗೆ ವೈರದ್ದು. ಅಣ್ಣ ಧ್ರುವನಾದರೆ ತಂಗಿ ಸುರುಚಿ ಬೇಡ, ತಂದೆಯ ತೊಡೆಯಿಂದ ಧ್ರುವನನ್ನು ಇಳಿಸಿದ ಮಲತಾಯಿ ಆಕೆ. ದೇವಯಾನಿ-ಶರ್ಮಿಷ್ಠೆ ಜೋಡಿ ಕಿವಿಗೆ ಇಂಪು, ಕಥೆ ಪೂರ್ತಿ ಜಗಳ. ಕದ್ರು-ವಿನತೆಯೂ ಹಾಗೆಯೇ. ಸಿರಿ ಪಾಡ್ದನದ ಅಬ್ಬಗ-ದಾರಗ ಅವಳಿ ಸೋದರಿಯರು, ಚೆನ್ನೆಮಣೆ ಎಂಬ ಗುಳಿಮಣೆ ಆಟದ ಜಗಳದಲ್ಲಿ ಪ್ರಾಣ ಕಳೆದುಕೊಂಡವರು. ಅಕ್ಕತಂಗಿ ಎದುರುಬದುರು ಕೂತು ಚೆನ್ನೆಮಣೆ ಆಡಬಾರದು ಎನ್ನುವ ಮನೆಗಳು ಇನ್ನೂ ಇರುವಾಗ ಈ ಜೋಡಿ ಇಟ್ಟರೆ ಅಜ್ಜಿಯರು ಸುಮ್ಮನಿರುವುದಿಲ್ಲ.

ಹೊಂದುವ ಜೋಡಿಗಳೂ ಕಥೆಯಲ್ಲೇ ಇವೆ. ಅಕ್ಕ ವೈದೇಹಿಯಾದರೆ ತಂಗಿ ಮಾಂಡವಿ. ಸೀತೆಯ ಚಿಕ್ಕಪ್ಪ ಕುಶಧ್ವಜನ ಮಗಳು, ಹೆಸರು ಯಾರ ಬಾಯಿಗೂ ಕಷ್ಟವಲ್ಲ. ಅಣ್ಣ ಪ್ರದ್ಯುಮ್ನನಾದರೆ ತಂಗಿ ಚಾರುಮತಿ. ಭಾಗವತದಲ್ಲಿ ಕೃಷ್ಣ-ರುಕ್ಮಿಣಿಯರ ಮಗಳ ಹೆಸರು ಇದು, ಇಟ್ಟವರು ಎಲ್ಲೋ ಒಬ್ಬಿಬ್ಬರು. ಅಣ್ಣ ಅಚ್ಯುತನಾದರೆ ತಂಗಿ ಸುಭದ್ರಾ. ಸುಧನ್ವನ ಸೋದರ ಯಾರೆಂದು ಕೇಳಿದರೆ ಪ್ರಸಂಗ ನೋಡಿದವರೆಲ್ಲ ಸುರಥ ಎಂದಾರು. ಕಥೆಗೆ ಇದು ನೂರಕ್ಕೆ ನೂರು ಹೊಂದುತ್ತದೆ. ಸ್ವರ ಬರೆದು ನೋಡಿದರೆ ಮಾತ್ರ ಎರಡೂ ಉ-ಅ-ಅ, ಎರಡೂ 'ಸು'. ಇಷ್ಟು ಚಂದದ ಜೋಡಿಯನ್ನೂ ಕೂಗಿನ ಪರೀಕ್ಷೆಯಲ್ಲಿ ಬಿಡಬೇಕಾಗುತ್ತದೆ. ಬಿಡಲು ಮನಸ್ಸಿಲ್ಲದವರು ಒಬ್ಬನಿಗೆ ಬೇರೆಯೇ ಕರೆಹೆಸರು ಇಟ್ಟುಕೊಳ್ಳಲಿ.

ಹುಟ್ಟಿದ ಕ್ರಮವನ್ನು ಹೇಳುವ ಹೆಸರಿನ ಬಗ್ಗೆಯೂ ಎಚ್ಚರ. ಆದ್ಯಾ, ಪ್ರಥಮ್, ಅಗ್ರಜ ಎಂಬವು ಮೊದಲನೆಯವರ ಹೆಸರು, ಎರಡನೆಯವರಿಗೆ ಇಟ್ಟರೆ ದೊಡ್ಡವರ ಸ್ಥಾನ ಕಿತ್ತುಕೊಂಡಂತೆ. ಅನುಜ ಎಂದರೆ ಆಮೇಲೆ ಹುಟ್ಟಿದವನು, ಅದು ಸರಿ. ಸಾಲಾಗಿ ಹೆಣ್ಣು ಹುಟ್ಟಿದರೆ ಸಾಕಮ್ಮ ಎಂದಿಡುತ್ತಿದ್ದ ಕಾಲ ಹೋಯಿತು. 'ಸಂಪೂರ್ಣಾ', 'ಇತಿ' ಎಂದು ಸಂಸ್ಕೃತದಲ್ಲಿ ಅದೇ ಮಾತು ಹೇಳುವವರು ಈಗಲೂ ಇದ್ದಾರೆ.

ಬಾಯಿಗೆ ಹಾಕಿ ನೋಡಿ

ಮೂರು ನಾಲ್ಕು ಹೆಸರು ಉಳಿದ ಮೇಲೆ ಒಂದು ವಾರ ಅವನ್ನು ಮನೆಮಾತಿನಲ್ಲಿ ಬಳಸಿ ನೋಡಬೇಕು. ಹೆಸರು ಒಂಟಿಯಾಗಿ ಇರುವುದಿಲ್ಲ, ಅದಕ್ಕೆ ದಿನವಿಡೀ ವಿಭಕ್ತಿ ಹತ್ತುತ್ತದೆ. ಅವನಿ ಎಂದರೆ ಭೂಮಿ, ಒಳ್ಳೆಯ ಹೆಸರು. 'ಅವನಿಗೆ ಹಾಲು ಕೊಡು' ಎಂದಾಗ ಹಾಲು ಯಾರಿಗೆ, ಅಣ್ಣನಿಗೋ ತಂಗಿಗೋ? ಅಣ್ಣ ಇರುವ ಮನೆಯಲ್ಲಿ ಅವನಿ ಎಂಬ ತಂಗಿ ದಿನಕ್ಕೆ ಹತ್ತು ಸಲ ಅಣ್ಣನಾಗುತ್ತಾಳೆ. ಮಾನ್ಯಾ ಎಂದಿಟ್ಟರೆ ಊರಿನ ಹುಡುಗರು 'ಮಾನ್ಯರೇ' ಎಂದು ಭಾಷಣ ಶುರುಮಾಡುತ್ತಾರೆ. ಬೆಳಕು, ಒಲವು, ನಲಿವು ಮೊದಲಾದ ಉಕಾರಾಂತ ಅಚ್ಚಗನ್ನಡ ಹೆಸರುಗಳಲ್ಲಿ 'ಬೆಳಕಿಗೆ ಜ್ವರ' ಎನ್ನಬೇಕೋ 'ಬೆಳಕುಗೆ ಜ್ವರ' ಎನ್ನಬೇಕೋ ಎಂದು ಮನೆಯವರೇ ತಡವರಿಸುತ್ತಾರೆ. ಇಂಚರ, ನೇಸರ, ಸಿರಿ ಹಾಗಲ್ಲ, ಅವು ಯಾವ ಪ್ರತ್ಯಯಕ್ಕೂ ಬಗ್ಗುತ್ತವೆ.

ಅಕ್ಕ, ಅಣ್ಣ ಸೇರಿಸಿಯೂ ಹೇಳಿ. ಇಂದು ಚಿಕ್ಕದಾದ ಮಗು ನಾಳೆ ಚಿಕ್ಕಮ್ಮನ ಮಕ್ಕಳಿಗೆ ಅಣ್ಣನೋ ಅಕ್ಕನೋ ಆಗಿಯೇ ಆಗುತ್ತದೆ. ಸುಧನ್ವಣ್ಣ, ನೇಸರಣ್ಣ, ಮಾಂಡವಿಯಕ್ಕ ಸರಾಗ. ಋತುಪರ್ಣಣ್ಣ ಎನ್ನುವಾಗ ನಾಲಗೆ 'ಣ'ಕಾರದಲ್ಲಿ ಸಿಕ್ಕಿಬೀಳುತ್ತದೆ.

ದೊಡ್ಡ ಮಗು ಮೂರು ವರ್ಷದ್ದಾಗಿದ್ದರೆ ಅದರಿಂದಲೇ ಹೇಳಿಸಿ ನೋಡಿ. ರಕಾರ, ಒತ್ತಕ್ಷರ ಆ ಪ್ರಾಯಕ್ಕೆ ತಿರುಗುವುದಿಲ್ಲ. ಪ್ರದ್ಯುಮ್ನ ಎನ್ನಲಾಗದೆ ಅಕ್ಕ 'ಪದ್ದು' ಎಂದರೆ ಮದುವೆಯ ಕಾಗದದವರೆಗೂ ಪದ್ದುವೇ. ಪೂರ್ತಿ ಹೆಸರು ಎಷ್ಟೇ ಅಪರೂಪದ್ದಿರಲಿ, ಮುರಿದ ಹೆಸರು ಊರಿನ ಹತ್ತು ಮಕ್ಕಳದ್ದೇ ಆಗಿಬಿಡುವುದು ಹೀಗೆ. ಆದ್ದರಿಂದ ಮುರಿದ ರೂಪ ಏನಾದೀತೆಂದು ಮೊದಲೇ ಊಹಿಸಿ, ಬೇಕಾದ ರೂಪವನ್ನು ನೀವೇ ಚಾಲ್ತಿಗೆ ತನ್ನಿ. ಮುರಿದ ರೂಪದ ಅರ್ಥವನ್ನೂ ನೋಡಿ. ಅರಿಂಜಯ ಗಂಭೀರ ಹೆಸರು, ಅದನ್ನು 'ಅರಿ' ಎಂದು ಮೊಟಕು ಮಾಡಿದರೆ ತುಳುವಿನಲ್ಲೂ ಮಲಯಾಳದಲ್ಲೂ ಅಕ್ಕಿ.

ಮಲಯಾಳ ಲಿಪಿಯಲ್ಲಿ, ಇಂಗ್ಲಿಷಿನಲ್ಲಿ

ಮಲಯಾಳದವರ ಕಿವಿಗೆ ಅಕಾರದಲ್ಲಿ ಮುಗಿಯುವ ಹೆಸರು ಹೆಣ್ಣಿನದ್ದು. ಗಂಡು ಹೆಸರು ಅವರಲ್ಲಿ ಕೃಷ್ಣನ್ ಎಂದು ನಕಾರದಲ್ಲೋ ಪ್ರಣವ್ ಎಂದು ಅರ್ಧಾಕ್ಷರದಲ್ಲೋ ನಿಲ್ಲುತ್ತದೆ. ಹೀಗಾಗಿ ಕನ್ನಡದ ಅನಘ, ಅಮೋಘ, ನಂದನ ಎಂಬ ಹುಡುಗರು ಇಲ್ಲಿಯ ಆಫೀಸುಗಳಲ್ಲಿ ಹುಡುಗಿಯರಾಗುತ್ತಾರೆ. ಫಾರ್ಮಿನಲ್ಲಿ ಲಿಂಗದ ಕಾಲಂ ತಪ್ಪಾಗಿ ತುಂಬುವುದಕ್ಕೆ ಇದೂ ಒಂದು ಕಾರಣ. ಅಮೋಘ್ ಎಂದು ಬರೆಸಿದರೆ ಈ ತೊಂದರೆ ಇಲ್ಲ, ಆದರೆ ಅಣ್ಣನ ಹೆಸರು ಸುಹಾಸ ಎಂದು ಅಕಾರ ಸೇರಿಸಿ ದಾಖಲಾಗಿದ್ದರೆ ತಮ್ಮನದ್ದನ್ನೂ ಹಾಗೆಯೇ ಇಡಿ. ಎರಡರ ಬಾಲವೂ ಒಂದೇ ರೀತಿಯಲ್ಲಿ ಇರಲಿ.

ಅನಘ ಎಂಬ ಅಣ್ಣನಿಗೆ ಅನಘಾ ಎಂಬ ತಂಗಿಯನ್ನು ಕೊಡಬೇಡಿ. ಕನ್ನಡದಲ್ಲಿ ಒಂದು ದೀರ್ಘದ ವ್ಯತ್ಯಾಸ ಇದೆ, ಇಂಗ್ಲಿಷಿನಲ್ಲಿ ಅದೂ ಇಲ್ಲ. ತಂದೆಯ ಹೆಸರು, ಮನೆಹೆಸರು, ವಿಳಾಸ ಎಲ್ಲ ಒಂದೇ ಇರುವ ಇಬ್ಬರಿಗೆ ಹೆಸರೂ ಒಂದೇ ಸ್ಪೆಲ್ಲಿಂಗಿನಲ್ಲಿ ಬಂದರೆ ಯಾವ ಕಂಪ್ಯೂಟರೂ ಬೇರೆ ಮಾಡಲಾರದು.

ಳಕಾರಕ್ಕೂ ಲಕಾರಕ್ಕೂ ಇಂಗ್ಲಿಷಿನಲ್ಲಿ ಒಂದೇ ಅಕ್ಷರ. ಇಳಾ ಎಂದು ನೀವು ಕೊಟ್ಟ ಹೆಸರನ್ನು ಇಂಗ್ಲಿಷಿನಿಂದ ಮಲಯಾಳಕ್ಕೆ ತಂದಾಗ 'ಇಲ' ಆಗಬಹುದು, ಅಲ್ಲಿಗೆ ಅದು ಎಲೆ. ಮಲಯಾಳದಲ್ಲಿ ಳಕಾರ ಇದೆ, ನೀವೇ ಮಲಯಾಳ ಲಿಪಿಯಲ್ಲಿ ಬರೆದ ಚೀಟಿ ಕೊಟ್ಟರೆ ಸಮಸ್ಯೆಯೇ ಇಲ್ಲ. ತಕಾರಕ್ಕೆ ಇಲ್ಲಿ ಟಿ ಜೊತೆ ಎಚ್ ಹಾಕುವುದು ರೂಢಿ. ಬರೀ ಟಿ ಹಾಕಿದರೆ ಟಕಾರವಾಗಿ ಓದುತ್ತಾರೆ. ಋಕಾರಕ್ಕೆ ಆರ್-ಐ ಎಂದೂ ಬರೆಯುತ್ತಾರೆ, ಆರ್-ಯು ಎಂದೂ ಬರೆಯುತ್ತಾರೆ. ಅಕ್ಕ ಕೃತಿಗೆ ಯು ಹಾಕಿ ತಮ್ಮ ಋತುಪರ್ಣನಿಗೆ ಐ ಹಾಕಿದರೆ ಒಂದೇ ಮನೆಯಲ್ಲಿ ಎರಡು ಕಾಗುಣಿತ. ದೊಡ್ಡ ಮಗುವಿಗೆ ಏನು ಮಾಡಿದ್ದೀರೋ ಅದನ್ನೇ ಮುಂದುವರಿಸಿ.

ಗಡಿಯ ಬೇರೆ ಕಡೆಗಳಲ್ಲಿ ತೊಡಕು ಬೇರೆ. ತಾಳವಾಡಿ, ಹೊಸೂರಿನವರಿಗೆ ತಮಿಳು ಲಿಪಿಯದ್ದು: ಅಲ್ಲಿ ಪ, ಬ, ಭ ಮೂರಕ್ಕೂ ಒಂದೇ ಅಕ್ಷರ, ಹಾಗಾಗಿ ಅಕ್ಕ ಪಾವನಾ, ತಂಗಿ ಭಾವನಾ ಆದರೆ ರೇಷನ್ ಕಾರ್ಡಿನಲ್ಲಿ ಇಬ್ಬರೂ ಒಂದೇ. ಮಹಾರಾಷ್ಟ್ರದ ಅಕ್ಕಲಕೋಟೆ, ಜತ್ತದ ಕಡೆ ಮಗುವಿನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಮೂರು ಪದಗಳ ಕ್ರಮ. ಮಡಕಶಿರಾ, ಆದೋನಿಯಲ್ಲಿ ಲಿಪಿಯ ಕಷ್ಟ ಇಲ್ಲ, ಆದರೆ ತೆಲುಗಿನವರಂತೆ ಮನೆಹೆಸರು ಮುಂದೆ ಬರುತ್ತದೆ.

ನಕ್ಷತ್ರದ ಅಕ್ಷರ ಬಂದು ಅಡ್ಡ ನಿಂತರೆ

27 ನಕ್ಷತ್ರಕ್ಕೆ ನಾಲ್ಕು ಪಾದದಂತೆ 108 ಅಕ್ಷರ. ಅಶ್ವಿನಿಗೆ ಚು ಚೇ ಚೋ ಲಾ, ರೋಹಿಣಿಗೆ ಓ ವಾ ವಿ ವು, ಮಘೆಗೆ ಮಾ ಮಿ ಮು ಮೇ, ಅನುರಾಧೆಗೆ ನಾ ನಿ ನು ನೇ. ಅಕ್ಕನಿಗೆ ಮಘೆಯ ಅಕ್ಷರ, ತಮ್ಮನಿಗೆ ಅನುರಾಧೆಯದ್ದು ಬಂದರೆ ಒಳ್ಳೆಯದೇ, ಮೊದಲಕ್ಷರ ತಾನಾಗಿ ಬೇರೆಯಾಯಿತು. ಪೇಚಾಡುವುದು ಆರ್ದ್ರೆಯವರು: ಕು ಘ ಙ ಛ. ಮೂರನೇ ಪಾದದ 'ಙ'ಕ್ಕೆ ಹೆಸರು ಹುಟ್ಟಿಸಲು ಹೊರಟು ವಿಚಿತ್ರವಾದದ್ದೇನೋ ಇಡುವುದಕ್ಕಿಂತ ಅದೇ ನಕ್ಷತ್ರದ ಬೇರೆ ಪಾದದ ಅಕ್ಷರ ತೆಗೆದುಕೊಳ್ಳಬಹುದು. ಅಥವಾ ನಕ್ಷತ್ರನಾಮವನ್ನು ಪುರೋಹಿತರು ಕಿವಿಯಲ್ಲಿ ಹೇಳಿಸುವ ಹೆಸರಾಗಿ ಮಾತ್ರ ಇಟ್ಟು, ವ್ಯವಹಾರಕ್ಕೆ ಬೇರೆ ಹೆಸರು ಆರಿಸಬಹುದು. ಜನ್ಮನಾಮ, ವ್ಯವಹಾರನಾಮ ಎಂದು ಎರಡು ಇಡುವುದು ಹೊಸದೇನಲ್ಲ. ದೊಡ್ಡ ಮಗುವಿಗೆ ಹೊಂದಿಸಬೇಕಾದದ್ದು ವ್ಯವಹಾರನಾಮವನ್ನು ಮಾತ್ರ.

ಅಜ್ಜನ ಹೆಸರು ಇಡಲೇಬೇಕೆಂಬ ಒತ್ತಾಯ ಇದ್ದರೂ ಇದೇ ದಾರಿ.

ಕಾಗದಪತ್ರ

ಹೆರಿಗೆ ಎಲ್ಲಾಯಿತೋ ಆ ಊರಿನ ಸ್ಥಳೀಯ ಸಂಸ್ಥೆಯಲ್ಲೇ ಜನನ ನೋಂದಣಿ, ತಂದೆತಾಯಿ ಇರುವ ಊರಿನಲ್ಲಲ್ಲ. ಮಂಜೇಶ್ವರ, ಬದಿಯಡ್ಕ, ಪೆರ್ಲದ ಕಡೆಯ ಎಷ್ಟೋ ಹೆರಿಗೆಗಳು ಮಂಗಳೂರಿನ ಆಸ್ಪತ್ರೆಗಳಲ್ಲಿ ಆಗುತ್ತವೆ. ಹಾಗಾಗಿ ಅಕ್ಕ ಕಾಸರಗೋಡಿನಲ್ಲಿ ಹುಟ್ಟಿ ತಮ್ಮ ಮಂಗಳೂರಿನಲ್ಲಿ ಹುಟ್ಟಿದರೆ ಒಬ್ಬಳ ಸರ್ಟಿಫಿಕೇಟು ಮಲಯಾಳ ಮತ್ತು ಇಂಗ್ಲಿಷಿನಲ್ಲಿ, ಇನ್ನೊಬ್ಬನದ್ದು ಕನ್ನಡ ಮತ್ತು ಇಂಗ್ಲಿಷಿನಲ್ಲಿ. ಇಬ್ಬರ ಕಾಗದದಲ್ಲೂ ಸಮಾನವಾಗಿ ಇರುವುದು ಇಂಗ್ಲಿಷ್ ಮಾತ್ರ. ತಂದೆತಾಯಿಯ ಹೆಸರಿನ ಸ್ಪೆಲ್ಲಿಂಗು ಎರಡರಲ್ಲೂ ಚುಕ್ಕಿ, ಖಾಲಿ ಜಾಗ ಸಮೇತ ಒಂದೇ ಇರಬೇಕು. ಆಸ್ಪತ್ರೆಗೆ ಹೋಗುವ ಚೀಲದಲ್ಲಿ ದೊಡ್ಡ ಮಗುವಿನ ಸರ್ಟಿಫಿಕೇಟಿನ ಜೆರಾಕ್ಸ್ ಒಂದು ಇರಲಿ. ಡಿಸ್ಚಾರ್ಜಿನ ಗಡಿಬಿಡಿಯಲ್ಲಿ ಬಾಯಿಮಾತಿನಲ್ಲಿ ಹೇಳಿ ಬರೆಸಿದ ಹೆಸರುಗಳೇ ಆಮೇಲೆ ತಿದ್ದುಪಡಿಗೆ ಓಡಾಡಿಸುತ್ತವೆ.

1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ಜನನವನ್ನು 21 ದಿನದೊಳಗೆ ತಿಳಿಸಬೇಕು. ಹೆಸರನ್ನು ಆಗಲೇ ಕೊಡಬೇಕೆಂದಿಲ್ಲ. ಹೆಸರಿಲ್ಲದೆ ನೋಂದಣಿ ಮಾಡಿ, ನೋಂದಣಿಯ ದಿನದಿಂದ 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ಆ ಬಳಿಕ 15 ವರ್ಷದವರೆಗೂ ತಡವಾದ ಶುಲ್ಕ ಕೊಟ್ಟು ಸೇರಿಸಲು ಅವಕಾಶವಿದೆ. ಹನ್ನೊಂದನೆಯ ಅಥವಾ ಹನ್ನೆರಡನೆಯ ದಿನದ ನಾಮಕರಣಕ್ಕೆ ಹೆಸರು ಗಟ್ಟಿಯಾಗದಿದ್ದರೆ ಅವಸರದಲ್ಲಿ ಯಾವುದನ್ನೋ ಬರೆಸುವುದಕ್ಕಿಂತ ಇದು ಮೇಲು. ಸೇರಿಸಿದ ಹೆಸರನ್ನು ಬದಲಿಸುವುದು ಸೇರಿಸಿದಷ್ಟು ಸುಲಭವಲ್ಲ. 2023ರ ಅಕ್ಟೋಬರ್ 1ರಂದು ಅಥವಾ ಆಮೇಲೆ ಹುಟ್ಟಿದ ಮಕ್ಕಳಿಗೆ ಶಾಲೆ ಸೇರಲು, ಡ್ರೈವಿಂಗ್ ಲೈಸೆನ್ಸಿಗೆ, ಮತದಾರರ ಪಟ್ಟಿಗೆ, ಪಾಸ್‌ಪೋರ್ಟಿಗೆ ಜನನ ಪ್ರಮಾಣಪತ್ರವೇ ಹುಟ್ಟಿದ ದಿನ ಮತ್ತು ಊರಿಗೆ ಆಧಾರ. ದೊಡ್ಡವಳ ಕಾಲದಲ್ಲಿ ಹತ್ತನೆಯ ತರಗತಿಯ ಸರ್ಟಿಫಿಕೇಟಿನಲ್ಲಿ ಸರಿಮಾಡಿಸಿದರಾಯಿತು ಎಂದಿದ್ದ ಧೈರ್ಯ ಚಿಕ್ಕವನಿಗೆ ಸಲ್ಲದು.

ಇನಿಶಿಯಲ್ಲಿನ ವಿಷಯ ಇಲ್ಲಿಯೇ ತೀರ್ಮಾನಿಸಿ. ಮನೆಹೆಸರಿನ ಅಕ್ಷರ, ತಂದೆಯ ಹೆಸರಿನ ಅಕ್ಷರ, ಭಟ್, ರೈ, ಶೆಟ್ಟಿ, ಆಳ್ವ ಎಲ್ಲವನ್ನೂ ಬೇಕಾದ ಹಾಗೆ ಸೇರಿಸುವ, ಬಿಡುವ ಅಭ್ಯಾಸ ನಮ್ಮ ಕಡೆ ಇದೆ. ಅಕ್ಕನಿಗೆ ಇನಿಶಿಯಲ್ ಮಾತ್ರ, ತಮ್ಮನಿಗೆ ಉಪನಾಮ ಎಂದಾದರೆ ಇಬ್ಬರೂ ಒಂದೇ ಮನೆಯವರೆಂದು ಕಾಗದ ಹೇಳುವುದಿಲ್ಲ. ಪಾಸ್‌ಪೋರ್ಟಿಗೆ ಇನಿಶಿಯಲ್ಲನ್ನು ಬಿಡಿಸಿ ಪೂರ್ತಿ ಬರೆಯಬೇಕು. ಒಂದೇ ಪದದ ಹೆಸರು ಇನ್ನೂ ಕಷ್ಟ: 2022ರ ನವೆಂಬರಿನಲ್ಲಿ ಯುಎಇ ಪಾಸ್‌ಪೋರ್ಟಿನಲ್ಲಿ ಒಂಟಿ ಹೆಸರಿರುವವರನ್ನು ಸಂದರ್ಶಕ ವೀಸಾದಲ್ಲಿ ಒಳಗೆ ಬಿಡುವುದಿಲ್ಲ ಎಂದಿತು, ತಂದೆಯ ಅಥವಾ ಕುಟುಂಬದ ಹೆಸರು ಪಾಸ್‌ಪೋರ್ಟಿನ ಇನ್ನೊಂದು ಪುಟದಲ್ಲಿ ಇದ್ದರೆ ಆದೀತು ಎಂಬ ಸಡಿಲಿಕೆ ಬಂದದ್ದು ಆಮೇಲೆ. ಮನೆಗೊಬ್ಬರು ಗಲ್ಫಿನಲ್ಲಿರುವ ಜಿಲ್ಲೆಯಲ್ಲಿ ಇದನ್ನು ಕಡೆಗಣಿಸುವಂತಿಲ್ಲ. ದೊಡ್ಡ ಮಗುವಿನ ಹೆಸರು ಒಂಟಿಯಾಗಿ ದಾಖಲಾಗಿದ್ದರೆ ಚಿಕ್ಕದಕ್ಕೆ ಎರಡು ಪದ ಬರೆಸಿ. ಹೊಂದಿಕೆಗಾಗಿ ಹಳೆಯ ತಪ್ಪನ್ನೇ ಮತ್ತೆ ಮಾಡುವುದು ಬೇಡ.

ಕೇರಳದಲ್ಲಿ ಈಗ ಕೆ-ಸ್ಮಾರ್ಟ್, ಕರ್ನಾಟಕದಲ್ಲಿ ಇ-ಜನ್ಮ ಎಂಬ ಸರ್ಕಾರಿ ಆನ್‌ಲೈನ್ ವ್ಯವಸ್ಥೆಯ ಮೂಲಕ ಅರ್ಜಿ ಹೋಗುತ್ತದೆ. ಅಕ್ಷಯ ಕೇಂದ್ರದಲ್ಲಿ ಟೈಪ್ ಮಾಡಿಸುವುದಾದರೆ ಹೆಸರನ್ನು ಬಾಯಲ್ಲಿ ಹೇಳಬೇಡಿ. ಮಲಯಾಳದಲ್ಲೂ ಇಂಗ್ಲಿಷಿನ ದೊಡ್ಡಕ್ಷರದಲ್ಲೂ ಬರೆದ ಚೀಟಿ ಕೊಡಿ. ಇಂಗ್ಲಿಷ್ ಟೈಪ್ ಮಾಡಿದ ಕೂಡಲೇ ಮಲಯಾಳ ತಾನಾಗಿ ಮೂಡುವ ಸಾಫ್ಟ್‌ವೇರಿನಲ್ಲಿ ದೀರ್ಘ, ಳಕಾರ, ಕೊನೆಯ ಅರ್ಧಾಕ್ಷರ ಈ ಮೂರೂ ತಪ್ಪುವುದು ಹೆಚ್ಚು. ಮಲಯಾಳ ಓದಲು ಬಾರದಿದ್ದರೆ ಓದುವ ನೆರೆಯವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಸಬ್ಮಿಟ್ ಒತ್ತುವ ಮೊದಲು ಪರದೆಯ ಮೇಲಿನ ಹೆಸರನ್ನು ಅವರಿಂದ ಗಟ್ಟಿಯಾಗಿ ಓದಿಸಿ.